ಬಣ್ಣದ ಪ್ರಶ್ನೆಗಳು: ಅಡುಗೆಮನೆಯಲ್ಲಿ ಏನು ಬಿಡಿಸಲಿ?

ಪ್ರಶ್ನೆ: ಕೆಲಸ ಮುಗಿದ ಮೇಲೆ ದಿನಕ್ಕೆ ಒಂದು ಗಂಟೆ ಸಿಗುತ್ತದೆ. ಕ್ಯಾಲೆಂಡರಿನ ಬೆಟ್ಟ, ಸೂರ್ಯಾಸ್ತಗಳನ್ನು ಜಲವರ್ಣದಲ್ಲಿ ನಕಲು ಮಾಡಿ ಸಾಕಾಗಿದೆ. ಮನೆಯೊಳಗೆ ಬಿಡಿಸುವಂಥದ್ದು ಏನಿದೆ? ಚೊಂಬು ಬಿಡಿಸಿದರೆ ವಾಲುತ್ತದೆ.
– ಗೃಹಿಣಿ, ಬದಿಯಡ್ಕ

ಉತ್ತರ: ಮೊದಲು ಟ್ಯೂಬ್‌ಲೈಟ್ ಆರಿಸಿ. ಅದು ಉರಿಯುತ್ತಿದ್ದರೆ ಕಿಟಕಿಯದ್ದೊಂದು, ದೀಪದ್ದೊಂದು ಎಂದು ಎರಡೆರಡು ನೆರಳು ಬಿದ್ದು ಪಾತ್ರೆಯ ದುಂಡು ಕೆಡುತ್ತದೆ. ನಮ್ಮ ಕಡೆಯ ಹಳೆ ಹಂಚಿನ ಮನೆಗಳ ಒಳಗೆ ಮಬ್ಬು ಜಾಸ್ತಿ. ಚಿತ್ರಕ್ಕೆ ಅದೇ ಅನುಕೂಲ. ಒಂದೇ ಕಡೆಯಿಂದ ಬೆಳಕು ಬಿದ್ದಾಗ ಹೆರೆಮಣೆಯ ಹಲ್ಲು ಮಿಂಚುತ್ತದೆ, ಮಣೆ ಕತ್ತಲಲ್ಲೇ ಉಳಿಯುತ್ತದೆ. ಅಷ್ಟೇ ಒಂದು ಚಿತ್ರಕ್ಕೆ ಸಾಕು.

ಹಳೆ ಮದುವೆ ಕಾಗದದಲ್ಲಿ 5.5 × 7.5 ಸೆಂ.ಮೀ. ಕಿಂಡಿ ಕತ್ತರಿಸಿ, ಒಂದು ಕಣ್ಣು ಮುಚ್ಚಿ ಅದರಿಂದ ನೋಡಿ. ಕಿಂಡಿಯೊಳಗೆ ಕಂಡಷ್ಟೇ ನಿಮ್ಮ ಚಿತ್ರ. 11 × 15 ಇಂಚಿನ ಕಾಲು ಹಾಳೆಗೂ (ಜಲವರ್ಣದ ಪೂರ್ಣ ಹಾಳೆಯ ಕಾಲು ಭಾಗ) ಇದೇ ಅನುಪಾತ. ಚೆಂದಕ್ಕೆಂದು ಪಾತ್ರೆಗಳನ್ನು ಸಾಲಾಗಿ ಇಡಬೇಡಿ. ತೊಳೆದು ಕವುಚಿಟ್ಟ ರಾಶಿಯಲ್ಲಿ ಒಂದರ ಮರೆಗೊಂದು ಬಂದು ಚಿತ್ರ ತಾನೇ ಕೂಡಿಕೊಳ್ಳುತ್ತದೆ. ಇಟಲಿಯ ಚಿತ್ರಕಾರ ಜಾರ್ಜೋ ಮೊರಾಂಡಿ (1890–1964) ಮನೆಯ ಅವೇ ಬಾಟಲಿ, ಹೂಜಿಗಳನ್ನು ದಶಕಗಟ್ಟಲೆ ಬಿಡಿಸಿದವರು. ಅವರು ಜೋಡಿಸಿಯೇ ಇಡುತ್ತಿದ್ದರು, ನಿಜ. ಆದರೆ ಆ ಕಣ್ಣು ಪಳಗಲು ಕಾಲ ಬೇಕು.

ಚೊಂಬಿಗೆ ಮೊದಲು ನೆಟ್ಟಗೆ ನಡುಗೆರೆ ಎಳೆದು, ಎಡಬಲದ ಅಳತೆ ಅದರಿಂದಲೇ ತೆಗೆಯಿರಿ. ಬಾಯಿಯ ಅಂಡಾಕಾರದ ತುದಿಗಳು ಚೂಪಾಗಬಾರದು. ಬಹಳ ಜನ ಬಾಯಿಯನ್ನು ಅಗಲ ತೆರೆದು, ತಳಕ್ಕೆ ನೇರ ಗೆರೆ ಎಳೆಯುತ್ತಾರೆ. ಕಣ್ಣಿನ ಮಟ್ಟದಿಂದ ಕೆಳಗಿಳಿದಷ್ಟೂ ವೃತ್ತ ಹೆಚ್ಚು ತೆರೆದುಕೊಳ್ಳುತ್ತದೆ. ಹಾಗಾಗಿ ತಳದ ಬಾಗು ಬಾಯಿಯದ್ದಕ್ಕಿಂತ ಜಾಸ್ತಿಯೇ ಇರಬೇಕು.

ಹಿತ್ತಾಳೆಗೆ ಚಿನ್ನದ ಬಣ್ಣ ಖಂಡಿತ ಬೇಡ. ಮಿಂಚಿನ ಚುಕ್ಕೆಗೆ ಕಾಗದದ ಬಿಳಿ ಬಿಟ್ಟು, ಉಳಿದದ್ದಕ್ಕೆ ತೆಳುವಾಗಿ ಯೆಲ್ಲೋ ಓಕರ್ (ಮಣ್ಣಿನ ಹಳದಿ) ಹಚ್ಚಿ. ಒಣಗಿದ ಮೇಲೆ ನೆರಳಿನ ಕಡೆ ಬರ್ಂಟ್ ಸಿಯೆನ್ನಾ (ಕೆಂಗಂದು). ಕಡುನೆರಳಿಗೆ ಅದಕ್ಕೆ ಅಲ್ಟ್ರಾಮರೀನ್ ನೀಲಿ ಬೆರೆಸಿ. ಮಸಿ ಹಿಡಿದ ಗೋಡೆಗೂ ಈ ಸಿಯೆನ್ನಾ, ನೀಲಿ ಎರಡೇ ಸಾಕು. ಟ್ಯೂಬಿನ ಕಪ್ಪು ಬಳಿದರೆ ಗೋಡೆಗೆ ತೂತು ಬಿದ್ದ ಹಾಗೆ ಕಾಣುತ್ತದೆ.

ಬಿಸಿಲು ನೇರ ಒಳಬರುವುದಾದರೆ ನೆರಳಿನ ಅಂಚನ್ನು ಕೂತ ಕೂಡಲೇ ಪೆನ್ಸಿಲಿನಲ್ಲಿ ಗುರುತಿಸಿ. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ನೆರಳಿನ ಹಿಂದೆ ಓಡಿ ತಿದ್ದುತ್ತ ಹೋದರೆ ಬೆಳಕು ಎಲ್ಲಿಂದ ಬಂತೆಂದೇ ತಿಳಿಯದು.

ಪ್ರಶ್ನೆ: ಅಡಿಕೆ ಸುಲಿಯುವವರನ್ನು ಬಿಡಿಸಹೋದರೆ ಕೈ ನಿಲ್ಲುವುದೇ ಇಲ್ಲ. ಫೋಟೋ ನೋಡಿ ಬಿಡಿಸಲೇ?
– ವಿದ್ಯಾರ್ಥಿ, ಪೆರ್ಲ

ಉತ್ತರ: ಕೈ ನಿಲ್ಲದಿದ್ದರೂ ಮತ್ತೆ ಮತ್ತೆ ಅದೇ ಜಾಗಕ್ಕೆ ಬರುತ್ತದೆ. ಒಂದೇ ಹಾಳೆಯಲ್ಲಿ ನಾಲ್ಕೈದು ಚಿತ್ರ ಶುರುಮಾಡಿ, ಭಂಗಿ ಮರಳಿದಾಗಲೆಲ್ಲ ಆಯಾ ಚಿತ್ರಕ್ಕೆ ಗೆರೆ ಸೇರಿಸಿ. ಮೊದಲು ಬೆನ್ನಿನ ಬಾಗು, ಆಮೇಲೆ ಮೊಣಕಾಲು, ಕೊನೆಗೆ ಬೆರಳು. ಫೋಟೋ ಕತ್ತಿಯ ವಿವರಕ್ಕೆ ಮಾತ್ರ ಇರಲಿ. ಮೊಬೈಲನ್ನು ಹತ್ತಿರ ಹಿಡಿದು ತೆಗೆದರೆ ಮುಂದಿರುವ ಮೊಣಕಾಲು ತಲೆಗಿಂತ ದೊಡ್ಡದಾಗುತ್ತದೆ. 2–3 ಮೀಟರ್ ಹಿಂದೆ ಸರಿದು ಜೂಮ್ ಮಾಡಿ.

ಪ್ರಶ್ನೆ: ಮಳೆಗಾಲದಲ್ಲಿ ಬಣ್ಣ ಹಚ್ಚಿದರೆ ಕಾಗದದಲ್ಲಿ ಕಲೆ ಕಲೆ ಏಳುತ್ತದೆ.
– ಓದುಗರು, ಮಂಜೇಶ್ವರ

ಉತ್ತರ: ನೀರು ಕೂಡಲೇ ಇಂಗದಂತೆ ತಡೆಯುವ ಕಾಗದದ ಅಂಟುಲೇಪ ತೇವಕ್ಕೆ ಹೋಗಿದೆ. ಮೂಲೆಗೆ ಒಂದು ಹನಿ ನೀರು ಬಿಡಿ. ಮೇಲೆ ನಿಲ್ಲದೆ ಕೂಡಲೇ ಇಂಗಿದರೆ ಆ ಹಾಳೆ ಜಲವರ್ಣಕ್ಕೆ ಆಗದು, ಇದ್ದಿಲು, ಪೆನ್ಸಿಲಿಗೆ ಆದೀತು. ಹೊಸ ಹಾಳೆಗಳನ್ನು ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ, ಗೋಡೆಗೆ ತಾಗದಂತೆ ಇಡಿ.