ಅಂಟಿಸಿದ ಹಾಳೆ: ಕೆಂಪು ಶಾಯಿಯ ಬಗ್ಗೆ ಬಂದ ಒಂದು ದೂರು

(ಗುರುತು ಸಿಗದಂತೆ ವಯಸ್ಸು, ತರಗತಿ ಮತ್ತು ಕೆಲವು ವಿವರಗಳನ್ನು ಬದಲಿಸಲಾಗಿದೆ.)

ಮಕ್ಕಳ ಕಲಿಕೆಯ ಬಗ್ಗೆ ಸಲಹೆ ಕೊಡುವ ನಮ್ಮ ಬಳಿಗೆ ದೂರು ಬಂದದ್ದು ಒಬ್ಬ ತಾಯಿಯಿಂದ. ಆರನೇ ತರಗತಿಯ ಮಗ ಕನ್ನಡ ನೋಟ್‌ಬುಕ್ ಮನೆಗೆ ತರುತ್ತಿಲ್ಲ. ಮನೆಯಲ್ಲಿ ಕೇಳಿದರೆ "ಮಿಸ್ ಹತ್ರ ಇದೆ", ಮಿಸ್ ಕೇಳಿದರೆ "ಮನೇಲಿ ಮರ್ತೆ". ಕೊನೆಗೆ ಅದು ಸಿಕ್ಕಿದ್ದು ಸ್ಕೂಲ್ ಬ್ಯಾಗಿನ ತಳದ ರಟ್ಟಿನ ಕೆಳಗೆ. ನಡುವಿನ ಎರಡು ಹಾಳೆಗಳನ್ನು ಗೋಂದು ಹಚ್ಚಿ ಒಂದಕ್ಕೊಂದು ಅಂಟಿಸಿಬಿಟ್ಟಿದ್ದ. ಶಿಕ್ಷಕಿ ಕೆಂಪು ಪೆನ್ನು ಬಿಡಬೇಕು ಎಂಬುದೊಂದೇ ತಾಯಿಯ ಬೇಡಿಕೆ. ಶಿಕ್ಷಕಿಯ ಉತ್ತರವೂ ಚುಟುಕು: "ತಪ್ಪನ್ನ ತಪ್ಪು ಅನ್ನೋಕೂ ಬಣ್ಣ ನೋಡ್ಬೇಕಾ ಮೇಡಂ?"

ಮೊದಲ ಭೇಟಿಯಲ್ಲಿ ಶಾಯಿಯ ಮಾತೇ ಎತ್ತಲಿಲ್ಲ. ಎಲ್ಲ ವಿಷಯಗಳ ನೋಟ್‌ಬುಕ್ಕುಗಳನ್ನೂ ಮೇಜಿನ ಮೇಲಿಟ್ಟು, ಬೇಕಾದ್ದನ್ನು ತೋರಿಸು ಎಂದೆವು. ಹುಡುಗ ತಾನಾಗಿ ತೆರೆದದ್ದು ಗಣಿತದ ನೋಟ್‌ಬುಕ್. ಅದರಲ್ಲೂ ಪುಟದ ತುಂಬ ಕೆಂಪು, ನಾಲ್ಕಾರು ಕಡೆ ದೊಡ್ಡ ತಪ್ಪು ಗುರುತು. ಅದನ್ನು ತೋರಿಸಲು ಅವನಿಗೆ ಏನೂ ಅನ್ನಿಸಲಿಲ್ಲ. ಅಲ್ಲಿಗೆ ಬಣ್ಣವೊಂದೇ ಕಾರಣವಲ್ಲ ಎಂಬುದು ಹೆಚ್ಚುಕಡಿಮೆ ಖಚಿತವಾಯಿತು.

ಅಂಟಿಸಿದ ಹಾಳೆಯನ್ನು ಅವನ ಒಪ್ಪಿಗೆ ಕೇಳಿ, ಸ್ಕೇಲಿನ ಅಂಚಿನಿಂದ ನಿಧಾನವಾಗಿ ಬಿಡಿಸಿದೆವು. ಪುಟದಲ್ಲಿ 23 ಸಾಲು, 31 ಕೆಂಪು ಗುರುತು. ಆರನೆಯ ಸಾಲು ಹೀಗಿತ್ತು: "ಸಂಜೆ ಆದ ಮೇಲೆ ಅಕ್ಕಿಗಳು ಗೂಡಿಗೆ ವಾಪಸು ಬರುತವೆ. ಒಂದು ಅಕ್ಕಿ ಮಾತ್ರ ಬರಲಿಲ್ಲ." ಎರಡೂ "ಅಕ್ಕಿ"ಗೆ ಸುತ್ತು ಹಾಕಿ ಮೇಲೆ "ಹ" ಬರೆದಿದೆ. "ಬರುತವೆ"ಯ "ತ"ವನ್ನು ಒತ್ತಿ ತಿದ್ದಿ, ಅದರ ಮೇಲೇ ಒತ್ತಕ್ಷರ ಬರೆದಿರುವುದರಿಂದ ಹುಡುಗ ಮೊದಲು ಏನು ಬರೆದಿದ್ದ ಎನ್ನುವುದು ಕಷ್ಟಪಟ್ಟು ನೋಡಿದರಷ್ಟೇ ಕಾಣುತ್ತದೆ. "ವಾಪಸು" ಅಡಿಗೆರೆ, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ. ಅಂಚಿನಲ್ಲಿ "ಕಾಗುಣಿತ!!" ಆ ಒಂದು ಹಕ್ಕಿ ಯಾಕೆ ಬರಲಿಲ್ಲ ಎಂದು ಮಾತ್ರ ಎಲ್ಲೂ ಕೇಳಿಲ್ಲ.

ಆಮೇಲೆ ಮಾಡಿದ್ದು ಗುರುತು ಓದಿಸುವ ಪರೀಕ್ಷೆ. ಇದಕ್ಕೆ ಹತ್ತು ನಿಮಿಷ ಸಾಕು, ಯಾವ ಶಿಕ್ಷಕರು ಬೇಕಾದರೂ ಮಾಡಬಹುದು. ಒಂದೊಂದೇ ಗುರುತಿನ ಮೇಲೆ ಬೆರಳಿಟ್ಟು "ಇದು ಏನು ಹೇಳ್ತಿದೆ?" ಎಂದು ಕೇಳುವುದು, ಉತ್ತರವನ್ನು ತಿದ್ದದೆ ಬರೆದುಕೊಳ್ಳುವುದು. 31ರಲ್ಲಿ 6ಕ್ಕೆ ಸರಿಯಾದ ವಿವರಣೆ ಬಂತು. 9ಕ್ಕೆ "ತಪ್ಪು ಅಂತ" ಎಂದಷ್ಟೇ ಹೇಳಿದ. ಉಳಿದ 16ಕ್ಕೆ "ಗೊತ್ತಿಲ್ಲ". ಗಣಿತದಲ್ಲಿ ಒಂದು ಗುರುತು ಎಂದರೆ ಒಂದು ಲೆಕ್ಕ: ಯಾವುದು ತಪ್ಪು, ಎಲ್ಲಿಂದ ಮತ್ತೆ ಮಾಡಬೇಕು ಎಂಬುದು ಕಣ್ಣಿಗೆ ಕಾಣುತ್ತದೆ. ಇಲ್ಲಿ ಅರ್ಧಕ್ಕಿಂತ ಹೆಚ್ಚು ಗುರುತುಗಳು ಅವನ ಮಟ್ಟಿಗೆ ಬರೀ ಗದ್ದಲ.

ನಿಜವಾದ ಕಾರಣ ಮಾತ್ರ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿತ್ತು. ಪೆನ್ಸಿಲ್ಲಿನಲ್ಲಿ ಸಣ್ಣದಾಗಿ ಒಂದು ಗುಣಾಕಾರ: 31 × 10 = 310. ಕೇಳಿದಾಗ ತಲೆ ಎತ್ತದೆ ಹೇಳಿದ, "ಅಮ್ಮ ಕೆಂಪು ಎಣಿಸ್ತಾರೆ ಮಿಸ್. ಒಂದಕ್ಕೆ ಹತ್ತು ಸಲ ಬರೀಬೇಕು." ಗಣಿತಕ್ಕೆ ಈ ನಿಯಮ ಇರಲಿಲ್ಲ. ಶಾಲೆಯಲ್ಲಿ ತಿದ್ದುಪಡಿಯಾಗಿ ಹೊರಟದ್ದು ಮನೆ ಮುಟ್ಟುವಾಗ ದಂಡದ ಚೀಟಿಯಾಗುತ್ತಿತ್ತು, ಅದೂ ದೂರು ಕೊಟ್ಟವರ ಕೈಯಲ್ಲೇ. ತಾಯಿಯನ್ನು ಇದಕ್ಕಾಗಿ ದೂರುವಂತಿಲ್ಲ. ಹತ್ತು ಸಲ ಬರೆಸುವುದನ್ನು ಅವರಿಗೂ ಯಾರೋ ಹಾಗೆಯೇ ಕಲಿಸಿದ್ದರು.

ಹಾಗಾದರೆ ಕೆಂಪಿನ ತಪ್ಪೇ ಇಲ್ಲವೆ? ಇದೆ, ಆದರೆ ಜನ ಅಂದುಕೊಳ್ಳುವ ಕಡೆ ಅಲ್ಲ. 2010ರಲ್ಲಿ ರುಚಿಕ್, ಸ್ಲೆಪಿಯನ್ ಮತ್ತು ಫೆರಿಸ್ ಪ್ರಕಟಿಸಿದ ಪ್ರಯೋಗಗಳಲ್ಲಿ ಒಂದೇ ಪ್ರಬಂಧವನ್ನು ಕೆಲವರ ಕೈಗೆ ಕೆಂಪು ಪೆನ್ನು, ಕೆಲವರ ಕೈಗೆ ನೀಲಿ ಪೆನ್ನು ಕೊಟ್ಟು ತಿದ್ದಿಸಿದರು. ಕೆಂಪು ಹಿಡಿದವರು ಹೆಚ್ಚು ತಪ್ಪು ಗುರುತಿಸಿದರು, ಅಂಕವನ್ನೂ ಕಡಿಮೆ ಕೊಟ್ಟರು. ಅಂದರೆ ಬಣ್ಣ ಮೊದಲು ಕೆಲಸ ಮಾಡುವುದು ಪೆನ್ನು ಹಿಡಿದ ಕೈಯ ಮೇಲೆ. ಓದುವವರ ಕಡೆಯಿಂದ ನೋಡಿದ್ದು 2013ರ ಡ್ಯೂಕ್ಸ್ ಮತ್ತು ಆಲ್ಬನೇಸಿ ಅಧ್ಯಯನ. ಅದೇ ಟಿಪ್ಪಣಿಗಳನ್ನು ಕೆಂಪಿನಲ್ಲಿ ಓದಿದ ಕಾಲೇಜು ವಿದ್ಯಾರ್ಥಿಗಳು ನೀಲಿ-ಹಸಿರಿನಲ್ಲಿ ಓದಿದವರಿಗಿಂತ ಆ ಶಿಕ್ಷಕರನ್ನು ಕಡಿಮೆ ಆತ್ಮೀಯರೆಂದು ಎಣಿಸಿದರು. ಶಿಕ್ಷಕರ ವಿಷಯಜ್ಞಾನದ ಬಗ್ಗೆ ಅಭಿಪ್ರಾಯ ಬದಲಾಗಲಿಲ್ಲ. ಪರೀಕ್ಷೆಗೆ ಮುನ್ನ ಕೆಂಪು ಕಂಡರೆ ಅಂಕವೇ ಕುಸಿಯುತ್ತದೆ ಎಂಬ 2007ರ ಪ್ರಸಿದ್ಧ ಫಲಿತಾಂಶವಿದೆಯಲ್ಲ, ಅದನ್ನು ಮತ್ತೆ ಮಾಡಿ ನೋಡಿದಾಗ ಹಲವು ಕಡೆ ಸಿಗಲಿಲ್ಲ. ಆದ್ದರಿಂದ ಅದನ್ನು ಹಿಡಿದು ಶಾಲೆಯ ನಿಯಮ ಬದಲಿಸಿ ಎನ್ನುವುದು ಅತಿಯಾದೀತು.

ಶಿಕ್ಷಕಿಗೆ ಕೊಟ್ಟ ಸಲಹೆ ಹೀಗೆ. ಮೊದಲ ಓದು ಪೆನ್ನಿನ ಮುಚ್ಚಳ ತೆಗೆಯದೆ. ಒಂದು ಪುಟಕ್ಕೆ ಒಂದೂವರೆ ನಿಮಿಷ ಬೇಕು. ಎರಡನೆಯ ಓದಿನಲ್ಲಿ ಮೊದಲು ಬರೆಯುವುದು ವಿಷಯದ ಬಗ್ಗೆ ಒಂದು ಸಾಲು, ಸಾಧ್ಯವಾದರೆ ಪ್ರಶ್ನೆ. ಆರನೆಯ ಸಾಲಿನ ಪಕ್ಕದಲ್ಲಿ "ಆ ಹಕ್ಕಿ ಯಾಕೆ ಬರಲಿಲ್ಲ?" ಎಂದು ಬರೆದಿದ್ದರೆ ಆ ಪುಟದ ಗತಿಯೇ ಬೇರೆಯಾಗುತ್ತಿತ್ತು. "ಚೆನ್ನಾಗಿದೆ" ಪ್ರಶ್ನೆಯ ಕೆಲಸ ಮಾಡುವುದಿಲ್ಲ. ಎಲ್ಲರ ಪುಟದಲ್ಲೂ ಅದೇ ಪದ ಇರುವುದನ್ನು ಮಕ್ಕಳು ಒಂದೇ ವಾರದಲ್ಲಿ ಕಂಡುಹಿಡಿಯುತ್ತಾರೆ.

ತಪ್ಪುಗಳಲ್ಲಿ ಎರಡು ಬಗೆಯವನ್ನು ಮಾತ್ರ ಹಿಡಿಯುವುದು, ಯಾವುವು ಎಂದು ಬರೆಯಿಸುವ ಮೊದಲೇ ತರಗತಿಗೆ ಹೇಳುವುದು. ಈ ವಾರ ಒತ್ತಕ್ಷರ ಮತ್ತು ಪೂರ್ಣವಿರಾಮ ಎಂದರೆ ಅಷ್ಟೇ. ಪುಟಕ್ಕೆ ಎಂಟು ಗುರುತಿನ ಮಿತಿ. ಬೇರೆ ತಪ್ಪು ಕಣ್ಣು ಚುಚ್ಚಿದರೂ ಬಿಡಬೇಕು, ಶಿಕ್ಷಕರಿಗೆ ಅತ್ಯಂತ ಕಷ್ಟವಾಗುವುದು ಇದೇ. ಮಗುವಿನ ಅಕ್ಷರದ ಮೇಲೆ ಅಕ್ಷರ ಬರೆಯಬಾರದು. ಸರಿಯುತ್ತರವನ್ನೂ ಬರೆಯಬಾರದು: ತಪ್ಪಿರುವ ಸಾಲಿನ ಅಂಚಿನಲ್ಲಿ ಒಂದು ಚುಕ್ಕಿ ಇಟ್ಟರೆ ಸಾಕು, ಯಾವ ಪದ ಎಂದು ಮಗು ಹುಡುಕಲಿ. 1983ರಲ್ಲಿ ಹ್ಯಾಸ್ವೆಲ್ ಎಂಬ ಅಧ್ಯಾಪಕರು ಅಂಚಿನ ಗುರುತಷ್ಟೇ ಇಟ್ಟು ಕಾಲೇಜು ವಿದ್ಯಾರ್ಥಿಗಳಿಂದ ಹುಡುಕಿಸಿದಾಗ ಅರ್ಧಕ್ಕಿಂತ ಹೆಚ್ಚು ತಪ್ಪುಗಳನ್ನು ಅವರೇ ಸರಿಪಡಿಸಿಕೊಂಡರು. ಆರನೇ ತರಗತಿಯಲ್ಲಿ ಅಷ್ಟು ನಿರೀಕ್ಷಿಸುವಂತಿಲ್ಲ, ಆದರೆ ಇನ್ನೊಂದು ಲಾಭವಿದೆ. ಚುಕ್ಕಿ ನೋಡಿ ಸರಿಪಡಿಸಿದರೆ ಅದು ಅವಸರದ ತಪ್ಪು. ಚುಕ್ಕಿ ಕಂಡೂ ಹುಡುಕಲಾಗದಿದ್ದರೆ ಅದು ಕಲಿಯದ ವಿಷಯ, ಅದನ್ನು ಪೆನ್ನಿನಿಂದ ಕಲಿಸಲಾಗದು, ಪಾಠವೇ ಬೇಕು. ಹುಡುಕಲು ಹತ್ತು ನಿಮಿಷವನ್ನು ತರಗತಿಯಲ್ಲೇ ಕೊಡಬೇಕು. ಮನೆಗೆ ಬಿಟ್ಟರೆ ಆಗುವುದಿಲ್ಲ.

ಅಂಕವನ್ನು ಆಮೇಲೆ, ತಿದ್ದಿದ ಪ್ರತಿ ಬಂದ ಮೇಲೆ ಕೊಡುವುದು. ರುತ್ ಬಟ್ಲರ್ 1988ರಲ್ಲಿ ತೋರಿಸಿದಂತೆ, ಟಿಪ್ಪಣಿ ಮಾತ್ರ ಪಡೆದ ಮಕ್ಕಳ ಕೆಲಸವೂ ಆಸಕ್ತಿಯೂ ಸುಧಾರಿಸಿದವು. ಟಿಪ್ಪಣಿಯ ಜೊತೆ ಅಂಕವನ್ನೂ ಕೊಟ್ಟಾಗ ಆ ಲಾಭ ಉಳಿಯಲಿಲ್ಲ. ಅಂಕ ಕಂಡ ಕಣ್ಣು ಟಿಪ್ಪಣಿಯತ್ತ ಹೋಗುವುದು ಅಪರೂಪ.

"ಎಲ್ಲ ತಪ್ಪೂ ತಿದ್ದಿಲ್ಲ ಅಂತ ನೋಟ್‌ಬುಕ್ ಚೆಕ್ ಮಾಡುವಾಗ ಹೆಡ್‌ಮಿಸ್ ಕೇಳ್ತಾರೆ" ಎಂದರು ಶಿಕ್ಷಕಿ. ನ್ಯಾಯವಾದ ಅಳುಕು. ತರಗತಿಯಲ್ಲಿ 42 ಮಕ್ಕಳು. ಒಬ್ಬೊಬ್ಬರಿಗೆ 30 ಗುರುತು ಎಂದರೆ 1,260. ಗುರುತಿಗೆ ನಾಲ್ಕು ಸೆಕೆಂಡ್ ಹಿಡಿದರೂ 84 ನಿಮಿಷ, ಓದುವ ಹೊತ್ತು ಬೇರೆ. ಕೊನೆಯ ಹತ್ತು ನೋಟ್‌ಬುಕ್ಕುಗಳಲ್ಲಿ ಕೈ ಒರಟಾಗುವುದು ಸಹಜ, ಈ ಹುಡುಗನ ರೋಲ್ ನಂಬರ್ ಕೊನೆಯ ಹತ್ತರಲ್ಲೇ ಇತ್ತು. ಪ್ರತಿ ಸಲ ಬೇರೆ ಕಡೆಯಿಂದ ಶುರು ಮಾಡಿ ಎಂದು ಹೇಳಿದ್ದು ಇದಕ್ಕೇ. ಮುಖ್ಯ ಶಿಕ್ಷಕಿಯ ಜೊತೆ ಬೇರೆಯಾಗಿ ಮಾತಾಡಿದೆವು. 2016ರಲ್ಲಿ ಇಂಗ್ಲೆಂಡಿನ ಸರ್ಕಾರಕ್ಕಾಗಿ ತಯಾರಾದ ತಿದ್ದುಪಡಿ ಕೆಲಸದ ವರದಿಯೂ ತಿದ್ದಿದ್ದು ಎಷ್ಟು ಎನ್ನುವುದನ್ನು ಗುಣಮಟ್ಟ ಎಂದು ತಿಳಿಯಬೇಡಿ ಎಂದೇ ಹೇಳಿತ್ತು. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ "ಈ ವಾರ ನೋಡುವ ಎರಡು ಅಂಶಗಳು" ಎಂದು ಬರೆದಿದ್ದರೆ ಪರಿಶೀಲನೆಗೆ ಅಷ್ಟು ಸಾಕು ಎಂದು ಅವರು ಒಪ್ಪಿದರು.

ಇನ್ನು ಶಾಯಿ. ಬದಲಿಸುವುದಾದರೆ ಮಗುವಿನ ಬರಹದಿಂದ ಎದ್ದು ಕಾಣುವ ಒಂದೇ ಬಣ್ಣ ಇರಲಿ. ನೀಲಿ ಬರಹಕ್ಕೆ ನೇರಳೆ ಸಾಲದು, ಟ್ಯೂಬ್‌ಲೈಟಿನ ಬೆಳಕಿನಲ್ಲಿ ಎರಡೂ ಒಂದೇ ಆಗಿ ಕಾಣುತ್ತವೆ. ಕಡು ಹಸಿರು ಅಥವಾ ಕಿತ್ತಳೆಗೆ ಹತ್ತಿರದ ಕಂದು ಬಣ್ಣ ವಾಸಿ. ಪೆನ್ಸಿಲ್ ಬೇಡ, ಅಳಿಸಿಹೋಗುತ್ತದೆ. ಸ್ಕೆಚ್ ಪೆನ್ನು ತೆಳು ಹಾಳೆಯಲ್ಲಿ ಹಿಂಬದಿಗೆ ಇಳಿದು ಮುಂದಿನ ಬರಹವನ್ನೂ ಕೆಡಿಸುತ್ತದೆ. 0.7 ಮಿ.ಮೀ. ಬಾಲ್ ಪೆನ್ನು ಸಾಕು, ಒತ್ತದೆ ಬರೆದರೆ. ಕೆಂಪು-ಹಸಿರು ವರ್ಣಾಂಧತೆಯನ್ನೂ ಮರೆಯಬಾರದು: ಉತ್ತರ ಯುರೋಪ್ ಮೂಲದ ಗಂಡಸರಲ್ಲಿ ಸುಮಾರು 12ರಲ್ಲಿ ಒಬ್ಬರಿಗೆ ಇರುವುದು, ಬೇರೆ ಕಡೆ ಸ್ವಲ್ಪ ಕಡಿಮೆ. ಅಂಥ ಕೆಲವರಿಗೆ ಕಡುಗೆಂಪು ಹೆಚ್ಚುಕಡಿಮೆ ಕಪ್ಪಾಗಿ ಕಾಣುತ್ತದೆ, ಕಪ್ಪು ಬರಹದ ಮೇಲಿನ ತಿದ್ದುಪಡಿ ಕಣ್ಣಿಗೇ ಬೀಳದು. ಬಣ್ಣವನ್ನು ನೆಚ್ಚದೆ ಗುರುತನ್ನು ಅಂಚಿನಲ್ಲಿಟ್ಟರೆ ಈ ತೊಂದರೆಯೂ ಇಲ್ಲ.

ಮೊದಲ ಎರಡು ವಾರ ಎಡವಿದೆವು. ಶಿಕ್ಷಕಿ ಈ ಹುಡುಗನೊಬ್ಬನಿಗೆ ಮಾತ್ರ ಹಸಿರು ಪೆನ್ನು ಹಿಡಿದರು, ಗುರುತುಗಳು ಮಾತ್ರ ಇಪ್ಪತ್ತೈದರ ಮೇಲೆಯೇ ಉಳಿದವು. ಪಕ್ಕದ ಹುಡುಗರು "ನಿಂಗೊಬ್ಬಂಗೆ ಯಾಕೋ ಹಸಿರು?" ಎಂದು ಕಾಡಿದರು. ನೋಟ್‌ಬುಕ್ ಮತ್ತೆ ರಟ್ಟಿನ ಕೆಳಗೆ ಹೋಯಿತು. ಬದಲಾವಣೆ ಮಾಡಿದರೆ ಇಡೀ ತರಗತಿಗೆ, ಇಲ್ಲವಾದರೆ ಬೇಡ ಎಂಬುದನ್ನು ಸಲಹೆಯಲ್ಲೇ ಬಿಡಿಸಿ ಹೇಳಬೇಕಿತ್ತು. ಮೂರನೇ ವಾರ ಚುಕ್ಕಿಗಳು ಬಂದವು, ಒಂದು ಸಾಲಿಗೆ ಮೂರು ಮೂರು. ಹುಡುಗ ಸರಿಯಿದ್ದ "ವಿದ್ಯಾರ್ಥಿ"ಯನ್ನು "ವಿಧ್ಯಾರ್ಥಿ" ಮಾಡಿ ಕೆಡಿಸಿದ. ಸಾಲಿಗೆ ಒಂದೇ ಚುಕ್ಕಿ ಎಂದು ಕಟ್ಟುಮಾಡಿದ ಮೇಲೆ ಅದು ನಿಂತಿತು.

"ಅಕ್ಕಿ"ಯ ತಪ್ಪು ಬರಹದ್ದಲ್ಲ, ಬಾಯಿಯದ್ದು. ಹುಡುಗ ಮಾತಿನಲ್ಲೇ ಹಕಾರ ಬಿಡುತ್ತಾನೆ, ಕೇಳಿದ್ದನ್ನೇ ನಿಷ್ಠೆಯಿಂದ ಬರೆಯುತ್ತಾನೆ. ಇಂಥದ್ದಕ್ಕೆ ಯಾವ ಬಣ್ಣದ ಸುತ್ತೂ ಮದ್ದಲ್ಲ. ಅಂಗೈಯನ್ನು ಬಾಯಿಯ ಮುಂದೆ ಹಿಡಿದು "ಅಕ್ಕಿ–ಹಕ್ಕಿ", "ಆಡು–ಹಾಡು", "ಆರು–ಹಾರು" ಎಂದು ಹೇಳಿಸಿ, ಉಸಿರು ತಾಗಿದರೆ "ಹ" ಬರೆ ಎನ್ನುವುದು. ದಿನಕ್ಕೆ ಐದು ನಿಮಿಷ, ಮೂರು ವಾರ. 20 ಪದಗಳ ಉಕ್ತಲೇಖನವನ್ನೂ ಒಂದು ಪುಟದ ಗಟ್ಟಿ ಓದನ್ನೂ ಮಾಡಿಸಿ ನೋಡಿದ್ದೆವು. ಓದು ಸರಾಗವಾಗಿತ್ತು, ಅಕ್ಷರಗಳನ್ನು ಅದಲುಬದಲು ಮಾಡುತ್ತಿರಲಿಲ್ಲ. ಓದೂ ತಡವರಿಸುತ್ತಿದ್ದರೆ ಕಲಿಕಾ ತೊಂದರೆಯ ಪರೀಕ್ಷೆಗೆ ಕಳಿಸುತ್ತಿದ್ದೆವು.

ತಾಯಿಯ ಜೊತೆ ಮಾತು ಎಚ್ಚರದಿಂದ ನಡೆಯಬೇಕಿತ್ತು. 310ರ ಲೆಕ್ಕವನ್ನು ಮಗನ ಅನುಮತಿ ಪಡೆದು ತೋರಿಸಿದೆವು. ಹತ್ತು ಸಲ ಬರೆಯುವಾಗ ಮಕ್ಕಳು ನಿಜವಾಗಿ ಏನು ಮಾಡುತ್ತಾರೆ ಎಂಬುದಕ್ಕೆ ಅವರ ಮನೆಯ ಹಳೆಯ ಹಾಳೆಯೇ ಸಾಕ್ಷಿ: ಮೊದಲು ಹತ್ತು "ಹ"ಗಳನ್ನು ಕಂಬದಂತೆ ಮೇಲಿಂದ ಕೆಳಕ್ಕೆ ಇಳಿಸಿ, ಆಮೇಲೆ ಹತ್ತು "ಕ್ಕಿ"ಗಳನ್ನು ಪಕ್ಕಕ್ಕೆ ಸೇರಿಸಿದ್ದ. ಪದವನ್ನು ಒಮ್ಮೆಯೂ ಬರೆದಿರಲಿಲ್ಲ. ತಾಯಿ ಆ ಹಾಳೆ ನೋಡಿ ನಕ್ಕರು, ಮಾತು ಸಲೀಸಾಯಿತು. ಬದಲಿಗೆ ಹೇಳಿದ್ದು: ನೋಡು, ಮುಚ್ಚು, ಬರೆ, ತೆರೆದು ತಾಳೆ ನೋಡು. ಒಂದು ಸಂಜೆಗೆ ಐದೇ ಪದ. ಅದೇ ಪದಗಳನ್ನು ಎರಡು ದಿನ ಬಿಟ್ಟು ಮತ್ತೆ, ವಾರ ಬಿಟ್ಟು ಇನ್ನೊಮ್ಮೆ. ಚುಕ್ಕಿ ಎಣಿಸಬಾರದು ಎಂಬುದನ್ನು ಬೇರೆಯಾಗಿ ಹೇಳಬೇಕಾಯಿತು, ಏಕೆಂದರೆ ಕೆಂಪನ್ನು ಎಣಿಸಿದವರು ಚುಕ್ಕಿಯನ್ನೂ ಎಣಿಸಬಲ್ಲರು.

ಹತ್ತನೇ ವಾರ ನೋಡಿದಾಗ ನೋಟ್‌ಬುಕ್ ಬ್ಯಾಗಿನಲ್ಲಿ ಉಳಿದವುಗಳ ಜೊತೆಗೇ ಇತ್ತು. ಒತ್ತಕ್ಷರದ ತಪ್ಪು ಸಾಕಷ್ಟು ಇಳಿದಿದೆ, ಹಕಾರ ಅರ್ಧಂಬರ್ಧ. ಹಕ್ಕಿ ಯಾಕೆ ಬರಲಿಲ್ಲ ಎಂಬುದಕ್ಕೆ ಅವನು ಬರೆದ ಉತ್ತರ ಒಂದೂವರೆ ಪುಟ. ಶಿಕ್ಷಕಿ ಈಗ ಇಡೀ ತರಗತಿಗೆ ಹಸಿರು ಹಿಡಿದಿದ್ದಾರೆ, "ಹಸಿರು ಹಿಡಿದ್ರೆ ನಂಗೇ ಅಷ್ಟು ಸಿಟ್ಟು ಬರಲ್ಲ" ಎಂದರು. ಬಾಕಿ ಇರುವುದು ವಾರ್ಷಿಕ ಪರೀಕ್ಷೆ. ಅಲ್ಲಿ ತಿದ್ದುವವರು ಬೇರೆ, ಪೆನ್ನು ಕೆಂಪು, ಮಿತಿ ಇಲ್ಲ. ಪರೀಕ್ಷೆಗೆ ಎರಡು ವಾರ ಮೊದಲು ಅವನ ಒಂದು ಉತ್ತರಪತ್ರಿಕೆಯನ್ನು, ಅವನಿಗೆ ಮೊದಲೇ ಹೇಳಿ, ಪೂರ್ತಿಯಾಗಿ ಕೆಂಪಿನಲ್ಲಿ ತಿದ್ದಿ ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಗುರುತು ಓದಿಸಬೇಕು, ಆ ಹಾಳೆ ಮನೆಗೆ ಹೋಗಬಾರದು ಎಂದು ಗೊತ್ತು ಮಾಡಿದ್ದೇವೆ.