ಸಹಿ ಹಾಕಿ ಹತ್ತು ದಿನ ಕಳೆಯುವುದರೊಳಗೆ

ನಮಸ್ಕಾರ.

ಕಳೆದ ಶನಿವಾರ ಫ್ಲಾರಿಡಾದ ಆರ್ಲಾಂಡೊದಲ್ಲಿ ಟೈಮ್‌ಶೇರ್ ಒಂದಕ್ಕೆ, ಅಂದರೆ ರೆಸಾರ್ಟಿನ ಕೋಣೆಯನ್ನು ವರ್ಷಕ್ಕೊಂದು ವಾರ ಬಳಸುವ ಪಾಲಿಗೆ, ಸಹಿ ಹಾಕಿ ಬಂದಿರುವುದಾಗಿ ಬರೆದಿದ್ದೀರಿ. ಸೋಮವಾರ ಆಫೀಸಿನಲ್ಲಿ ವಿಷಯ ತಿಳಿದ ಸಹೋದ್ಯೋಗಿಯೊಬ್ಬರು, ಅದೇ ರೆಸಾರ್ಟಿನಲ್ಲಿ ಕೋಣೆ ಹಿಡಿಯಲು ಬೇಕಾದ ಅಷ್ಟೇ ಪಾಯಿಂಟುಗಳು ರೀಸೇಲ್‌ನಲ್ಲಿ, ಅಂದರೆ ಹಳೆಯ ಪಾಲುದಾರರಿಂದ, 2,000 ಡಾಲರಿಗೆ ಸಿಗುತ್ತವೆ ಎಂದರಂತೆ. ಕಂಪನಿಯಿಂದಲೇ ಕೊಂಡದ್ದು ತಪ್ಪಾಯಿತೇ ಎಂಬುದು ನಿಮ್ಮ ಪ್ರಶ್ನೆ. ಚಿಂತಾಮಣಿಯಿಂದ ನಿಮ್ಮ ತಾಯಿಯವರು ನಮ್ಮಮ್ಮನಿಗೆ ಫೋನ್ ಮಾಡಿ, ಟ್ಯಾಂಪಾದಲ್ಲಿ ಹತ್ತೊಂಬತ್ತು ವರ್ಷದಿಂದ ಇರುವ ಅಕ್ಕ ಎಂದು ನನ್ನನ್ನು ನಿಮಗೆ ಪರಿಚಯಿಸಿದ್ದಾರೆ. ಮಾವಿನ ಕಾಲಕ್ಕೆಂದು ಶ್ರೀನಿವಾಸಪುರದ ತವರಿಗೆ ಬಂದಿರುವುದರಿಂದ ಇಲ್ಲಿಂದಲೇ ಬರೆಯುತ್ತಿದ್ದೇನೆ.

ಪ್ರಶ್ನೆಗೆ ಉತ್ತರ ಆಮೇಲೆ ಹೇಳುತ್ತೇನೆ. ಇಂದು ಬುಧವಾರ. ಫ್ಲಾರಿಡಾದ ಕಾನೂನಿನ ಪ್ರಕಾರ ಟೈಮ್‌ಶೇರ್ ಕೊಂಡವರಿಗೆ ಯಾವ ಕಾರಣವನ್ನೂ ಕೊಡದೆ ಒಪ್ಪಂದವನ್ನು ರದ್ದುಪಡಿಸಲು 10 ದಿನಗಳ ಅವಕಾಶವಿದೆ. ಸಹಿ ಹಾಕಿದ ದಿನ ಅಥವಾ ಕೊನೆಯ ದಾಖಲೆ ಕೈಸೇರಿದ ದಿನ, ಇವೆರಡರಲ್ಲಿ ಯಾವುದು ಈಚಿನದೋ ಅಲ್ಲಿಂದ ಎಣಿಕೆ. ರಜಾದಿನಗಳೂ ಈ ಹತ್ತರಲ್ಲಿ ಸೇರುತ್ತವೆ. ಶನಿವಾರವೇ ಎಲ್ಲ ಕಾಗದ ಕೊಟ್ಟಿದ್ದರೆ ನಿಮ್ಮ ಗಡುವು ಬರುವ ಮಂಗಳವಾರ ಮಧ್ಯರಾತ್ರಿಗೆ ಮುಗಿಯುತ್ತದೆ. ಈ ಹಕ್ಕನ್ನು ಬಿಟ್ಟುಕೊಟ್ಟಿದ್ದೇನೆ ಎಂದು ಯಾರಾದರೂ ನಿಮ್ಮಿಂದ ಬರೆಸಿಕೊಂಡಿದ್ದರೂ ಆ ಬರಹಕ್ಕೆ ಬೆಲೆಯಿಲ್ಲ.

ಒಂದು ಹಾಳೆಯಲ್ಲಿ ಒಪ್ಪಂದದ ಸಂಖ್ಯೆ, ಸಹಿ ಹಾಕಿದ ದಿನಾಂಕ, ರೆಸಾರ್ಟಿನ ಹೆಸರು, ‘ಈ ಖರೀದಿಯನ್ನು ರದ್ದುಪಡಿಸುತ್ತಿದ್ದೇನೆ, ಕಟ್ಟಿದ ಹಣವನ್ನು ಹಿಂದಿರುಗಿಸಿ’ ಎಂಬ ಒಂದೇ ವಾಕ್ಯ, ಕೆಳಗೆ ನೀವು ಮತ್ತು ನಿಮ್ಮ ಪತ್ನಿ ಇಬ್ಬರ ಸಹಿ, ಇಷ್ಟು ಸಾಕು. ಒಪ್ಪಂದದಲ್ಲಿ ರದ್ದತಿಯ ಪತ್ರ ಕಳುಹಿಸಬೇಕಾದ ವಿಳಾಸ ಅಚ್ಚಾಗಿರುತ್ತದೆ. ಅದು ನೀವು ಕಾಫಿ ಕುಡಿದು ಸಹಿ ಹಾಕಿ ಬಂದ ಕಚೇರಿಯ ವಿಳಾಸವಾಗಿರಬೇಕೆಂದೇನಿಲ್ಲ, ಆದ್ದರಿಂದ ಹುಡುಕಿ ಓದಿ. ನಾಳೆ ಬೆಳಿಗ್ಗೆ ಅಂಚೆ ಕಚೇರಿಗೆ ಹೋಗಿ ಸರ್ಟಿಫೈಡ್ ಮೇಲ್‌ನಲ್ಲಿ, ಸ್ವೀಕೃತಿ ರಸೀದಿ ಬರುವಂತೆ ಕಳುಹಿಸಿ; ಅಂಚೆಯ ಮುದ್ರೆ ಬಿದ್ದ ದಿನವೇ ಲೆಕ್ಕಕ್ಕೆ ಬರುವುದರಿಂದ ಪತ್ರ ತಲುಪುವುದು ತಡವಾದರೂ ಹೆದರಬೇಕಾಗಿಲ್ಲ. ಫೋನ್ ಮಾತ್ರ ಮಾಡಬೇಡಿ. ಫೋನಿನಲ್ಲಿ ಹೇಳಿದ್ದು ರದ್ದತಿ ಎನಿಸುವುದಿಲ್ಲ. ಆ ಕಡೆಯವರು ಸವಿಯಾಗಿ ಮಾತನಾಡುತ್ತ, ಇನ್ನೂ ಒಳ್ಳೆಯ ದರ ಕೊಡುತ್ತೇವೆ ಎನ್ನುತ್ತ, ನಿಮ್ಮ ಐದಾರು ದಿನಗಳನ್ನು ನುಂಗಿಬಿಡುತ್ತಾರೆ. ಪತ್ರ ತಲುಪಿದ 20 ದಿನಗಳೊಳಗೆ ಮುಂಗಡ ಹಿಂದಿರುಗಬೇಕು. ಚೆಕ್ ಕೊಟ್ಟಿದ್ದು ಅದಿನ್ನೂ ಪಾಸಾಗಿರದಿದ್ದರೆ ಆ 20 ದಿನ ಅಥವಾ ಪಾಸಾದ ಮೇಲೆ ಐದು ದಿನ, ಇವೆರಡರಲ್ಲಿ ಯಾವುದು ಈಚಿನದೋ ಅದು.

ಪತ್ರ ಅಂಚೆಗೆ ಬಿದ್ದ ಮೇಲೆ ಇನ್ನುಳಿದದ್ದನ್ನು ನಿಧಾನವಾಗಿ ಓದಬಹುದು. ಆ ಪಾಯಿಂಟುಗಳು ಬೇಕೇಬೇಕು ಎಂದು ಆಮೇಲೂ ಅನ್ನಿಸಿದರೆ ಎಲ್ಲಿಗೂ ಓಡಿಹೋಗುವುದಿಲ್ಲ. ‘ಈ ಬೆಲೆ ಇವತ್ತು ಮಾತ್ರ’ ಎಂದು ನಿಮಗೆ ಹೇಳಿದರಂತೆ. ಕೋಲಾರದ ಎಪಿಎಂಸಿಯಲ್ಲಿ ಹದಿನೈದು ಕಿಲೋ ಟೊಮ್ಯಾಟೊ ಬಾಕ್ಸಿಗೆ ಇವತ್ತಿನ ಬೆಲೆ ಎನ್ನುವುದಕ್ಕೆ ಅರ್ಥವಿದೆ, ಏಕೆಂದರೆ ಅದು ನಾಡಿದ್ದಿಗೆ ಕೊಳೆಯುತ್ತದೆ. ಕಾಂಕ್ರೀಟಿನ ಕೋಣೆ ಕೊಳೆಯುವುದಿಲ್ಲ.

ನಾನು ಇದನ್ನು ಕಲಿತದ್ದು ದುಡ್ಡು ಕೊಟ್ಟು. 2008ರಲ್ಲಿ ಥೀಮ್ ಪಾರ್ಕಿನ ಎರಡು ಟಿಕೆಟಿನ ಆಸೆಗೆ, ತೊಂಬತ್ತು ನಿಮಿಷ ಎಂದು ಹೇಳಿದ ಸಭೆಗೆ ಹೋಗಿ ಮೂರೂವರೆ ಗಂಟೆ ಕುಳಿತೆವು. ಮಗುವನ್ನು ಆಟದ ಕೋಣೆಗೆ ಕಳುಹಿಸಿ, ನಮ್ಮಿಬ್ಬರನ್ನು ದುಂಡು ಮೇಜಿನ ಒಂದು ಬದಿಗೆ ಕೂರಿಸಿದರು. ವರ್ಷಕ್ಕೆ ಹೋಟೆಲಿಗೆ ಎಷ್ಟು ಖರ್ಚು ಮಾಡುತ್ತೀರಿ ಎಂದು ಕೇಳಿದ ಆ ಮನುಷ್ಯ, ನಾವು ಹೇಳಿದ ಮೊತ್ತವನ್ನು ಇಪ್ಪತ್ತು ವರ್ಷಕ್ಕೆ ಗುಣಿಸಿ, ಅಂಕಿಗಳು ನಮಗೆ ನೇರವಾಗಿ ಕಾಣುವಂತೆ ತಾನು ತಲೆಕೆಳಗಾಗಿ ಬರೆದ. ಆ ಕೈಚಳಕವನ್ನೇ ನೋಡುತ್ತ ಕುಳಿತಿದ್ದ ನನಗೆ, ಅವನು ಬರೆಯದೆ ಬಿಟ್ಟ ಸಾಲು ಕಾಣಲಿಲ್ಲ. ಅದು ವಾರ್ಷಿಕ ಮೇಂಟೆನೆನ್ಸ್. ಪಕ್ಕದ ಮೇಜಿನಲ್ಲಿ ಯಾರೋ ಸಹಿ ಹಾಕಿದಾಗ ಇಡೀ ಹಾಲ್ ಚಪ್ಪಾಳೆ ತಟ್ಟಿತು. ನಾವು ಬೇಡವೆಂದಾಗ ಮೇಲಧಿಕಾರಿಯೊಬ್ಬರು ಬಂದು ನಾಲ್ಕು ಸಾವಿರ ಇಳಿಸಿದರು. ಮಗು ಅಳುತ್ತ ಬಂತು. 18,900 ಡಾಲರಿಗೆ ಸಹಿ ಹಾಕಿದೆವು. ಹತ್ತು ದಿನದ ಹಕ್ಕಿನ ಸಂಗತಿ ನನಗೆ ತಿಳಿದದ್ದು ನಾಲ್ಕು ತಿಂಗಳ ನಂತರ.

ಮೇಂಟೆನೆನ್ಸ್ ಎಂದರೇನು ಎಂಬುದನ್ನು ನಮ್ಮ ಕಡೆಯ ಮಾತಿನಲ್ಲೇ ಹೇಳುವುದು ಸುಲಭ. ನಮ್ಮ ತಾತನ ಕಾಲದ ಬಾವಿಯ ನೀರು ನಾಲ್ವರು ಅಣ್ಣತಮ್ಮಂದಿರಿಗೆ ಪಾಳಿಯಲ್ಲಿ ಹಂಚಿಕೆಯಾಗಿತ್ತು. ಪಾಳಿ ನಿಮ್ಮದು, ಆ ದಿನ ನೀವು ನೀರು ಹಾಯಿಸಿಕೊಂಡಿರೋ, ಬೆಳೆಯೇ ಇಡಲಿಲ್ಲವೋ ಯಾರೂ ಕೇಳುವುದಿಲ್ಲ, ಆದರೆ ಮೋಟಾರು ಸುಟ್ಟಾಗ ನಿಮ್ಮ ಪಾಲಿನ ಹಣ ಬಂದೇ ಬೀಳಬೇಕು. ಟೈಮ್‌ಶೇರ್ ಕೂಡ ಹೀಗೆಯೇ ಪಾಳಿ. ಕಟ್ಟಡದ ಬಣ್ಣ, ಈಜುಕೊಳ, ವಿಮೆ, ಆಸ್ತಿ ತೆರಿಗೆ ಎಲ್ಲವನ್ನೂ ಪಾಲುದಾರರ ಮೇಲೆ ಹಂಚುತ್ತಾರೆ. ನನ್ನದು 2008ರಲ್ಲಿ ವರ್ಷಕ್ಕೆ 640 ಡಾಲರ್ ಇದ್ದದ್ದು 2023ರ ಹೊತ್ತಿಗೆ 1,330 ಆಗಿತ್ತು. ಚಂಡಮಾರುತ ಬಂದರೆ ಇದರ ಮೇಲೆ ವಿಶೇಷ ವಂತಿಗೆ ಬೇರೆ. 2022ರ ಸೆಪ್ಟೆಂಬರಿನಲ್ಲಿ ಬಂದ ಇಯಾನ್ ಚಂಡಮಾರುತದ ನಂತರ ಫ್ಲಾರಿಡಾ ಕರಾವಳಿಯ ಸ್ಯಾನಿಬೆಲ್ ಮತ್ತು ಫೋರ್ಟ್ ಮೈಯರ್ಸ್ ಬೀಚ್ ಕಡೆಯ ಕೆಲವು ಟೈಮ್‌ಶೇರ್ ಕಟ್ಟಡಗಳು ಮತ್ತೆ ಬಾಗಿಲು ತೆರೆಯಲೇ ಇಲ್ಲ.

ಈಗ ನಿಮ್ಮ ಪ್ರಶ್ನೆ. ನೇರವಾಗಿ ಕೊಂಡರೂ ರೀಸೇಲ್‌ನಲ್ಲಿ ಕೊಂಡರೂ ಈ ಮೇಂಟೆನೆನ್ಸ್ ಒಂದೇ. ಅದರಲ್ಲಿ ಒಂದು ಸೆಂಟ್‌ನಷ್ಟೂ ವ್ಯತ್ಯಾಸವಿಲ್ಲ. ವ್ಯತ್ಯಾಸವಿರುವುದು ಒಳಗೆ ಬರಲು ನೀವು ಕೊಡುವ ಹಣದಲ್ಲಿ. ನೀವು ಬರೆದ ಅಂಕಿಗಳನ್ನೇ ಹಿಡಿದು ಲೆಕ್ಕ ಹಾಕಿದೆ. 24,600 ಡಾಲರಿಗೆ ಹತ್ತು ಪರ್ಸೆಂಟ್ ಮುಂಗಡ, ಉಳಿದದ್ದಕ್ಕೆ ಕಂಪನಿಯೇ ಕೊಟ್ಟ ಸಾಲ, 14.9 ಪರ್ಸೆಂಟ್ ಬಡ್ಡಿ, ಹತ್ತು ವರ್ಷ. ತಿಂಗಳ ಕಂತು ಸುಮಾರು 356 ಡಾಲರ್ ಬರುತ್ತದೆ, ಅಂದರೆ ಮುಂಗಡವೂ ಸೇರಿ ಒಟ್ಟು 45,000ಕ್ಕೆ ಮೇಲೆ. ಈಗ 1,180 ಇರುವ ಮೇಂಟೆನೆನ್ಸ್ ನನ್ನದರಂತೆ ವರ್ಷಕ್ಕೆ ಐದು ಪರ್ಸೆಂಟ್ ಏರಿದರೆ ಹತ್ತು ವರ್ಷಕ್ಕೆ ಇನ್ನೂ 14,800. ಹತ್ತು ವರ್ಷದಲ್ಲಿ ನೀವು ಮಲಗುವುದು ಎಪ್ಪತ್ತು ರಾತ್ರಿ. ರಾತ್ರಿಯೊಂದಕ್ಕೆ 850 ಡಾಲರಿಗೂ ಹೆಚ್ಚು. ನಿಮ್ಮ ಸಹೋದ್ಯೋಗಿ ಹೇಳಿದ 2,000ಕ್ಕೆ ಕೊಂಡು, ಕ್ರಯಪತ್ರದ ಖರ್ಚು 700 ಎಂದಿಟ್ಟುಕೊಂಡರೆ, ಅದೇ ಹಾಸಿಗೆಗೆ ರಾತ್ರಿಗೆ 250.

ಇಷ್ಟೊಂದು ಅಂತರ ಹೇಗೆ ಎಂದು ನಿಮಗೆ ಸಂಶಯ ಬರಬಹುದು. ಕಂಪನಿಯ ಬೆಲೆಯಲ್ಲಿ ಆ ಟಿಕೆಟುಗಳು, ಹಾಲ್‌ನ ಬಾಡಿಗೆ, ತಲೆಕೆಳಗಾಗಿ ಬರೆಯಬಲ್ಲವರ ಕಮಿಷನ್ ಎಲ್ಲ ಸೇರಿರುತ್ತವೆ. ರೀಸೇಲ್ ಬೆಲೆಯಲ್ಲಿ ಸೇರಿರುವುದು ಮಾರುವವನ ಆಯಾಸ. ವಯಸ್ಸಾಗಿದೆ, ಪ್ರಯಾಣ ಆಗದು, ಜನವರಿಯ ಬಿಲ್ಲು ಬರುವ ಮುಂಚೆ ಕೈತೊಳೆದುಕೊಂಡರೆ ಸಾಕು ಎನ್ನುವವರು ಅವರು. 2014ರಲ್ಲಿ ಈಜುಕೊಳದ ಪಕ್ಕ ಕುಳಿತಿದ್ದ ನಿವೃತ್ತರೊಬ್ಬರು, ನಮ್ಮ ಕೋಣೆಯಂಥದ್ದೇ ಕೋಣೆಯ ವಾರವನ್ನು 900 ಡಾಲರಿಗೆ ಕೊಂಡದ್ದನ್ನು ಸಹಜವಾಗಿ ಹೇಳಿದರು. ಅಂದು ನಮ್ಮ ಸಾಲ ತೀರಲು ಇನ್ನೂ ನಾಲ್ಕು ವರ್ಷವಿತ್ತು. ನಿಮಗೂ ಪರೀಕ್ಷಿಸಬೇಕೆನಿಸಿದರೆ ಒಂದು ದಾರಿಯಿದೆ. ಫ್ಲಾರಿಡಾದ ಬಹುಪಾಲು ಕಡೆ ಕ್ರಯಪತ್ರಕ್ಕೆ ಪ್ರತಿ 100 ಡಾಲರಿಗೆ 70 ಸೆಂಟ್‌ನಂತೆ ಮುದ್ರಾಂಕ ತೆರಿಗೆ ಕಟ್ಟಬೇಕು, ಮತ್ತು ಆರ್ಲಾಂಡೊ ಇರುವ ಆರೆಂಜ್ ಕೌಂಟಿಯ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು) ನೋಂದಾಯಿತ ಪತ್ರಗಳನ್ನು ಯಾರು ಬೇಕಾದರೂ ಅಂತರ್ಜಾಲದಲ್ಲಿ ತೆರೆದು ನೋಡಬಹುದು. ರೆಸಾರ್ಟಿನ ಹೆಸರಿನಲ್ಲಿ ಹುಡುಕಿ, ತೆರಿಗೆಯ ಅಂಕಿ ನೋಡಿ. ಖಾಸಗಿಯವರಿಂದ ಖಾಸಗಿಯವರಿಗೆ ಆದ ಪತ್ರದಲ್ಲಿ ತೆರಿಗೆ ಬರೀ 70 ಸೆಂಟ್ ಎಂದಿದ್ದರೆ, ಆ ವಾರ ನೂರು ಡಾಲರಿಗೋ ಅದಕ್ಕಿಂತ ಕಡಿಮೆಗೋ ಕೈಬದಲಾಗಿದೆ ಎಂದರ್ಥ.

ರೀಸೇಲ್‌ಗೂ ಕೊರತೆಗಳಿವೆ. ಪಾಯಿಂಟ್ ಪದ್ಧತಿಯ ದೊಡ್ಡ ಕಂಪನಿಗಳು ಹೊರಗೆ ಕೊಂಡವರಿಗೆ ಕೆಲವು ಸವಲತ್ತುಗಳನ್ನು ಕೊಡುವುದಿಲ್ಲ. 1991ರಲ್ಲಿ ಆರಂಭವಾದ, ಡಿಸ್ನಿಯ ಟೈಮ್‌ಶೇರ್ ಆದ ಡಿಸ್ನಿ ವೆಕೇಶನ್ ಕ್ಲಬ್ಬಿನಲ್ಲಿ, 2019ರ ಜನವರಿ 19ರಿಂದ ಈಚೆಗೆ ರೀಸೇಲ್‌ನಲ್ಲಿ ಕೊಂಡ ಹಳೆಯ ರೆಸಾರ್ಟುಗಳ ಪಾಯಿಂಟುಗಳಿಂದ ರಿವಿಯೆರಾದಂಥ ಹೊಸ ರೆಸಾರ್ಟಿನಲ್ಲಿ ಕೋಣೆ ಹಿಡಿಯಲಾಗದು. ಮಾರಾಟಕ್ಕೆ ಬಂದ ಪಾಯಿಂಟನ್ನು ಅದೇ ಬೆಲೆಗೆ ತಾನೇ ಕೊಂಡುಕೊಳ್ಳುವ ಮೊದಲ ಹಕ್ಕನ್ನೂ ಆ ಕಂಪನಿ ಇಟ್ಟುಕೊಂಡಿದೆ. ಅದು ಶಾಶ್ವತ ಒಡೆತನವೂ ಅಲ್ಲ. ಅದರ ಓಲ್ಡ್ ಕೀ ವೆಸ್ಟ್ ಎಂಬ ರೆಸಾರ್ಟಿನ ಮೊದಲ ಒಪ್ಪಂದಗಳು 2042ಕ್ಕೆ ಮುಗಿಯುತ್ತವೆ. ಇಷ್ಟಾದರೂ ರೀಸೇಲ್‌ನಲ್ಲಿ ಒಂದಷ್ಟು ಬೆಲೆ ಉಳಿಸಿಕೊಂಡಿರುವ ಟೈಮ್‌ಶೇರ್‌ಗಳಲ್ಲಿ ಅದು ಎದ್ದು ಕಾಣುತ್ತದೆ ಎಂಬುದನ್ನು ಒಪ್ಪಬೇಕು.

ರೀಸೇಲ್‌ನಲ್ಲಿ ಕೊಳ್ಳುವುದಾದರೆ ಊರಿನಲ್ಲಿ ಸೈಟು ಕೊಳ್ಳುವಾಗಿನ ಎಚ್ಚರವೇ ಸಾಕು. ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಇ.ಸಿ. ತೆಗೆಸದೆ ನಿಮ್ಮ ತಂದೆಯವರು ಒಂದು ಗುಂಟೆಯನ್ನೂ ಕೊಂಡಿರಲಾರರು. ಅಲ್ಲಿ ಆ ಕೆಲಸ ಮಾಡುವುದು ಎಸ್ಟಾಪೆಲ್ ಎಂಬ ಪತ್ರ. ಮಾರುವವನು ಮೇಂಟೆನೆನ್ಸ್ ಬಾಕಿ ಉಳಿಸಿದ್ದಾನೆಯೇ, ಈ ವರ್ಷದ ಪಾಯಿಂಟುಗಳನ್ನು ಆಗಲೇ ಖರ್ಚು ಮಾಡಿದ್ದಾನೆಯೇ, ಸಾಲವೇನಾದರೂ ಇದೆಯೇ ಎಂಬುದನ್ನು ರೆಸಾರ್ಟಿನ ಆಡಳಿತವೇ ಅದರಲ್ಲಿ ಬರೆದುಕೊಡುತ್ತದೆ. ಹಣವನ್ನು ಮಾರುವವನ ಕೈಗೆ ನೇರವಾಗಿ ಕೊಡದೆ ಕ್ರಯದ ಕಾಗದಪತ್ರ ನೋಡಿಕೊಳ್ಳುವ ಕ್ಲೋಸಿಂಗ್ ಕಂಪನಿಯ ಎಸ್ಕ್ರೋ ಖಾತೆಗೆ, ಅಂದರೆ ಹಣವನ್ನು ನಡುವೆ ಕಾಯ್ದಿಡುವ ಖಾತೆಗೆ, ಕಟ್ಟಿ, ಪತ್ರ ಕೌಂಟಿಯಲ್ಲಿ ನೋಂದಣಿಯಾದ ಮೇಲೆ ಅದು ಅವನಿಗೆ ಸೇರುವಂತೆ ಮಾಡಿಕೊಳ್ಳಬೇಕು.

ಆದರೆ ನಿಮ್ಮ ಪರಿಸ್ಥಿತಿಯಲ್ಲಿ ರೀಸೇಲ್ ಕೂಡ ಬೇಡ ಎಂಬುದೇ ನನ್ನ ಅಭಿಪ್ರಾಯ. ನಿಮಗೆ ವರ್ಷಕ್ಕೆ ಹದಿನೈದು ದಿನ ರಜೆ ಎಂದಿದ್ದೀರಿ. ಆ ಹದಿನೈದೂ ಎಲ್ಲಿಗೆ ಹೋಗುತ್ತವೆ ಎಂಬುದು ನನಗೆ ಗೊತ್ತು: ಒಂದು ವರ್ಷ ತಂಗಿಯ ಮದುವೆ, ಇನ್ನೊಂದು ವರ್ಷ ತಂದೆಯವರ ಕಣ್ಣಿನ ಆಪರೇಷನ್, ಮತ್ತೊಂದು ವರ್ಷ ಮನೆಯ ಗೃಹಪ್ರವೇಶ. ಹದಿನೈದು ವರ್ಷದಲ್ಲಿ ನಾವು ನಮ್ಮ ವಾರವನ್ನು ಬಳಸಿದ್ದು ಏಳು ಸಲ. ಅದಕ್ಕಿಂತ ಮುಖ್ಯವಾದ ಮಾತೆಂದರೆ ನೀವಿರುವುದು ಎಚ್-1ಬಿ ವೀಸಾದಲ್ಲಿ. ಕೆಲಸ ಹೋದರೆ ಹೊಸದನ್ನು ಹುಡುಕಲು ಇರುವುದು ಹೆಚ್ಚೆಂದರೆ 60 ದಿನ. ಕಾರನ್ನು ಒಂದು ವಾರದಲ್ಲಿ ಮಾರಬಹುದು, ಬಾಡಿಗೆ ಮನೆಯನ್ನು ದಂಡ ಕಟ್ಟಿ ಬಿಡಬಹುದು, ಟೈಮ್‌ಶೇರ್ ಮಾತ್ರ ಅಷ್ಟು ಬೇಗ ಕೈಬಿಡದು. ನೀವು ಚಿಂತಾಮಣಿಗೆ ಮರಳಿದರೂ ಕಂತು ಮತ್ತು ಮೇಂಟೆನೆನ್ಸ್ ಓಡುತ್ತಲೇ ಇರುತ್ತವೆ, ಕಟ್ಟದಿದ್ದರೆ ನೀವು ಈಗಷ್ಟೇ ಕಟ್ಟಿಕೊಳ್ಳುತ್ತಿರುವ ಕ್ರೆಡಿಟ್ ಹಾಳಾಗುತ್ತದೆ. ನಮ್ಮದನ್ನು 2023ರಲ್ಲಿ ಬಾಕಿಯೆಲ್ಲ ತೀರಿಸಿ ಕಂಪನಿಗೇ ಬರೆದುಕೊಟ್ಟೆವು. ಕೊಟ್ಟ 18,900ರಲ್ಲಿ ಒಂದು ಡಾಲರೂ ಹಿಂದೆ ಬರಲಿಲ್ಲ, ಆದರೂ ಅಂದು ರಾತ್ರಿ ಮನೆಯವರು ಪಾಯಸ ಮಾಡಿಸಿದರು.

ಡಿಸೆಂಬರಿನಲ್ಲಿ ತಂದೆತಾಯಿ ಬರುತ್ತಾರೆ, ಅವರಿಗೆ ಹೋಟೆಲಿನ ಊಟ ಸೇರದು, ಅಡುಗೆಮನೆಯಿರುವ ಎರಡು ಕೋಣೆಯ ಜಾಗ ಬೇಕು ಎಂಬ ನಿಮ್ಮ ಕಾರಣ ಮಾತ್ರ ಸರಿಯಾದದ್ದೇ. ನಮ್ಮಮ್ಮ ಆರ್ಲಾಂಡೊದ ಆ ಅಡುಗೆಮನೆಯಲ್ಲಿ ಟ್ಯಾಂಪಾದಿಂದ ಹೊತ್ತುಕೊಂಡು ಹೋದ ರಾಗಿ ಹಿಟ್ಟಿನಲ್ಲಿ ಮುದ್ದೆ ತೊಳಸಿದ್ದಾರೆ. ಮುದ್ದೆ ಕೋಲು ಮರೆತು ಬಂದದ್ದರಿಂದ ಅಲ್ಲಿದ್ದ ಮರದ ಸೌಟಿನ ಹಿಡಿಯನ್ನೇ ಬಳಸಿದರು, ಬಸ್ಸಾರಿನ ಒಗ್ಗರಣೆಗೆ ಹೊಗೆಯ ಅಲಾರಂ ಕೂಗಿ ಕಾವಲುಗಾರ ಬಂದು ಬಾಗಿಲು ತಟ್ಟಿದ. ಹೋಟೆಲಿನಲ್ಲಿ ಆ ಸುಖವಿಲ್ಲ. ಆದರೆ ಅದಕ್ಕೆ ಪಾಲುದಾರರಾಗಬೇಕಿಲ್ಲ. ತಮ್ಮ ವಾರವನ್ನು ಬಳಸಲಾಗದ ಪಾಲುದಾರರು ಮೇಂಟೆನೆನ್ಸ್ ಹುಟ್ಟಿದರೆ ಸಾಕೆಂದು ಅದೇ ಕೋಣೆಯನ್ನು ವಾರಕ್ಕೆ ಬಾಡಿಗೆಗೆ ಕೊಡುತ್ತಾರೆ. ಈಗ ನಾವೂ ಅಂಥವರಿಂದಲೇ ಬಾಡಿಗೆಗೆ ಹಿಡಿಯುತ್ತೇವೆ. ಕ್ರಿಸ್‌ಮಸ್ ವಾರವನ್ನು ಬಿಟ್ಟು ಡಿಸೆಂಬರಿನ ಮೊದಲ ಎರಡು ವಾರಗಳಲ್ಲಿ ನೋಡಿ. ಬಾಡಿಗೆ ಇಳಿದಿರುತ್ತದೆ, ಜನವೂ ಕಡಿಮೆ. ಹಣ ಕೊಡುವ ಮುಂಚೆ ನಿಮ್ಮ ಹೆಸರಿನಲ್ಲಿ ಬುಕಿಂಗ್ ಆಗಿದೆಯೇ ಎಂದು ರೆಸಾರ್ಟಿಗೇ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ.

ನಾಳೆ ಅಂಚೆ ಕಚೇರಿಯಿಂದ ಹೊರಬಂದ ಮೇಲೆ ರಸೀದಿಯ ಫೋಟೊ ಒಂದನ್ನು ನನಗೂ ಕಳುಹಿಸಿ. ರದ್ದತಿಯ ವಿಳಾಸ ಒಪ್ಪಂದದಲ್ಲಿ ಸಿಗದಿದ್ದರೆ ಆ ಪುಟಗಳನ್ನು ಕಳುಹಿಸಿ, ಕೂಡಿ ಹುಡುಕೋಣ. ಇಲ್ಲಿ ಸಂಜೆ ಏಳಾದರೆ ನಿಮಗೆ ಬೆಳಿಗ್ಗೆ ಒಂಬತ್ತೂವರೆ. ಆ ಹೊತ್ತಿಗೆ ಅಮ್ಮನ ಧಾರಾವಾಹಿ ಶುರುವಾಗಿರುತ್ತದೆ, ನಾನು ಬಿಡುವಾಗಿರುತ್ತೇನೆ.