ಹಾಲು ಬಿಡಿಸಿದ ಮೇಲೆ ಹಂದಿ ಮರಿಗಳು ಸೊರಗುತ್ತಿವೆ, ಲಸಿಕೆ ಹಾಕಿದರೆ ಸಾಕಾ?

ದೊಡ್ಡಬಳ್ಳಾಪುರದ ಹತ್ತಿರ ಫಾರಂ ಇಟ್ಟಿದ್ದೀರಿ. ಎಂಟು ವಾರದ ಮರಿಗಳು ಬೆನ್ನೆಲುಬು ಕಾಣುವಷ್ಟು ಸೊರಗುತ್ತಿವೆ, ಪಿಸಿಆರ್ ಪರೀಕ್ಷೆಯಲ್ಲಿ ಸರ್ಕೋವೈರಸ್ ಎಂಬ ಹಂದಿಗಳ ವೈರಸ್ ಸಿಕ್ಕಿದೆ ಅಂತ ಬರೆದಿದ್ದೀರಿ. ನಾನು ಬೆಂಗಳೂರಿನ ಸುತ್ತಮುತ್ತ ಹಂದಿ ಫಾರಂಗಳಿಗೆ ಹೋಗುವ ಪಶುವೈದ್ಯೆ. ಲಸಿಕೆ ಹಾಕಿಸಿ, ಆದರೆ ಆ ಒಂದು ರಿಪೋರ್ಟ್ ನೋಡಿ ಇದು ಸರ್ಕೋವೈರಸ್ ರೋಗವೇ ಅಂತ ತೀರ್ಮಾನಿಸಬೇಡಿ.

ಯಾಕೆಂದರೆ ಈ ವೈರಸ್ ಚೆನ್ನಾಗಿ ಬೆಳೆಯುತ್ತಿರುವ ಹಂದಿಗಳಲ್ಲೂ ಇರುತ್ತದೆ. ಮೊದಲು ಸಿಕ್ಕಿದ್ದು 1974ರಲ್ಲಿ, ಜರ್ಮನಿಯ ಪ್ರಯೋಗಾಲಯದಲ್ಲಿ ಬೆಳೆಸುತ್ತಿದ್ದ ಹಂದಿಯ ಕಿಡ್ನಿ ಕೋಶಗಳಲ್ಲಿ. ಅದು ಒಂದನೇ ಬಗೆ, ರೋಗ ತರುವುದಿಲ್ಲ. 1991ರಲ್ಲಿ ಕೆನಡಾದ ಒಂದು ಫಾರಂನಲ್ಲಿ ಮರಿಗಳು ಹೀಗೇ ಸೊರಗತೊಡಗಿದವು. ಆ ಕಾಯಿಲೆಯ ಹಿಂದೆ ಎರಡನೇ ಬಗೆ ಇದೆ ಎಂದು ಗೊತ್ತಾಗಲು ಇನ್ನೂ ಕೆಲವು ವರ್ಷ ಬೇಕಾಯಿತು. ಕೇವಲ 17 ನ್ಯಾನೋಮೀಟರ್ ಅಗಲದ ಈ ವೈರಸ್, ಮರಿಯ ರೋಗನಿರೋಧಕ ಕೋಶಗಳನ್ನೇ ಹಾಳುಮಾಡುತ್ತದೆ. ಆಮೇಲೆ ನ್ಯುಮೋನಿಯಾನೋ ಭೇದಿಯೋ ಬಂದು ಮರಿ ಸಾಯುತ್ತದೆ.

ಇದೇ ರೋಗ ಎನ್ನಲು ಮೂರೂ ಒಟ್ಟಿಗೆ ಸಿಗಬೇಕು: ಸೊರಗುವ ಲಕ್ಷಣ, ತೊಡೆಸಂದಿಯಂಥ ಜಾಗದ ದುಗ್ಧಗ್ರಂಥಿಗಳೊಳಗೆ (ಲಿಂಫ್ ನೋಡ್) ಈ ರೋಗದ್ದೇ ಆದ ಹಾನಿ, ಆ ಹಾನಿಯ ಜಾಗದಲ್ಲೇ ವೈರಸ್. ಹಾಗಾಗಿ ಈಗಷ್ಟೇ ಸತ್ತ ಮರಿಯ ಪೋಸ್ಟ್‌ಮಾರ್ಟಂ ಆಗಲೇಬೇಕು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ. ದೊಡ್ಡ ಹಂದಿಗಳೂ ಜೋರು ಜ್ವರ ಬಂದು ಒಂದೇ ಸಮನೆ ಸಾಯುತ್ತಿದ್ದರೆ ಮಾತ್ರ ಹಂದಿಯನ್ನೂ ಮಾಂಸವನ್ನೂ ಹೊರಗೆ ಸಾಗಿಸದೆ, ಆ ದಿನವೇ ಪಶುಪಾಲನಾ ಇಲಾಖೆಗೆ ತಿಳಿಸಿ. ಅದು ಹಂದಿಗಳಿಗೇ ಬರುವ ಮಾರಕ ಹಂದಿಜ್ವರ (ಸ್ವೈನ್ ಫೀವರ್) ಆಗಿರಬಹುದು.

ಹಿಂದೆ ನಾನೂ ತಪ್ಪು ಮಾಡಿದ್ದೇನೆ. ಒಬ್ಬ ರೈತರಿಗೆ ರಿಪೋರ್ಟ್ ನೋಡಿದ ತಕ್ಷಣ ಲಸಿಕೆ ಹೇಳಿ ಬಂದೆ, ಶೆಡ್ಡಿನೊಳಗೆ ಸರಿಯಾಗಿ ನೋಡಲೇ ಇಲ್ಲ. ಮರಿಗಳು ಸಾಯುವುದು ನಿಲ್ಲಲಿಲ್ಲ. ಮತ್ತೆ ಹೋದಾಗ ಗೊತ್ತಾಯಿತು, ಹಾಲು ಬಿಡಿಸಿದ ದಿನವೇ ಐದಾರು ತಾಯಿಗಳ ಮರಿಗಳನ್ನು ಒಂದೇ ಕಡೆ ಕೂಡುತ್ತಿದ್ದರು, ಕೆಳಗೆ ಒದ್ದೆ ನೆಲ. ಚೆನ್ನಾಗಿ ಬೆಳೆಯದ ಮರಿಯನ್ನು ಪಾಪ ಅಂತ ಅದಕ್ಕಿಂತ ಚಿಕ್ಕ ವಯಸ್ಸಿನ ಮರಿಗಳ ಬ್ಯಾಚಿಗೆ ಸೇರಿಸುತ್ತಿದ್ದರು. ಹಳೇ ಬ್ಯಾಚಿನ ರೋಗ ಹೊಸ ಬ್ಯಾಚಿಗೆ ದಾಟುವ ದಾರಿ ಅದೇ ಅಲ್ವಾ? ದಯವಿಟ್ಟು ಅದೊಂದನ್ನು ಮಾಡಬೇಡಿ.

2006ರಲ್ಲಿ ಮರಿಗಳ ಲಸಿಕೆ ಮಾರುಕಟ್ಟೆಗೆ ಬರುವ ಮೊದಲೇ ಫ್ರಾನ್ಸಿನ ಸಂಶೋಧಕರು ಇಂಥದ್ದೇ ಇಪ್ಪತ್ತು ನಿಯಮ ಮಾಡಿದ್ದರು. ಒಂದು ಬ್ಯಾಚ್ ಪೂರ್ತಿ ಹೊರಗೆ ಹೋದ ಮೇಲೇ ಇನ್ನೊಂದನ್ನು ಒಳಗೆ ಬಿಡುವುದು, ಒತ್ತೊತ್ತಾಗಿ ತುಂಬದಿರುವುದು, ಕಾಯಿಲೆ ಮರಿಯನ್ನು ಬೇಗ ಬೇರೆ ಮಾಡುವುದು. ಸಗಣಿ ಪೂರ್ತಿ ತೊಳೆದು, ಒಣಗಿಸಿ, ಆಮೇಲೆ ಬ್ಲೀಚಿಂಗ್ ದ್ರಾವಣ ಹೊಡೆಯಿರಿ. ಸ್ಪಿರಿಟ್‌ಗೆ ಈ ವೈರಸ್ ಸುಲಭವಾಗಿ ಸಾಯುವುದಿಲ್ಲ.

ಲಸಿಕೆಯನ್ನು ಸಾಮಾನ್ಯವಾಗಿ ಮೂರು ವಾರದ ಹೊತ್ತಿಗೆ, ಆರೋಗ್ಯವಾಗಿರುವ ಮರಿಗಳಿಗೆ ಹಾಕುತ್ತಾರೆ. ಈಗಾಗಲೇ ಸೊರಗಿದ ಮರಿಗಳಿಗೆ ಅದರಿಂದ ಪ್ರಯೋಜನ ಕಡಿಮೆ. ಅವುಗಳನ್ನು ಇವತ್ತೇ ಬೆಚ್ಚಗಿನ, ಒಣಗಿದ ಜಾಗಕ್ಕೆ ಬೇರೆ ಮಾಡಿ. ಒಂದು ಗೂಡಿನಲ್ಲಿ ಎಷ್ಟು ತಾಯಿಗಳ ಮರಿಗಳಿವೆ ಅಂತ ಎಣಿಸಿ ಇಲ್ಲೇ ಬರೆಯಿರಿ.